ಎಡಕ್ಕೆ ಮೂಡಣ ಗುಡ್ಡ

ಮಂಚನಬೆಲೆ ಕಡೆಯಿಂದ ಸಾವನದುರ್ಗಕ್ಕೆ ಸೈಕಲ್ ತುಳಿಯುವಾಗ, ಕುರುಚಲು ಕಾಡಿನ ಕಾಲುದಾರಿ ಒಂದೆಡೆ ಇದ್ದಕ್ಕಿದ್ದಂತೆ ಗಾಡಿ ಹೋಗುವಷ್ಟು ಅಗಲವಾಗುತ್ತದೆ. ನನ್ನ ಚೈನು ಕಳಚಿದ್ದು ಅಲ್ಲೇ. ಕೈಯೆಲ್ಲ ಮಸಿ ಮಾಡಿಕೊಂಡು ಕೂತಿದ್ದಾಗ ಜೊತೆಗಾರ ಹೇಳಿದ: “ಇದೇ ಗುರೂ, ಇಂಗ್ಲಿಷರು ತೋಪು ಎಳ್ಕೊಂಡ್ ಬಂದ ದಾರಿ.” ನಿನಗೆ ಯಾರು ಹೇಳಿದ್ದು ಎಂದರೆ, “ಎಲ್ರೂ ಹೇಳ್ತಾರಪ್ಪ” ಎಂದ.

ಎಲ್ಲರೂ ಹೇಳುವ ಮಾತಿಗೆ ಮೂಲ ಇರಲೇಬೇಕು ಎಂದು ಹುಡುಕಲು ಕೂತೆ. ಮೊದಲ ಸಂಜೆ ಹಾಳಾಯಿತು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಬೆಟ್ಟ ‘ಸಾವೆನ್‌ಡ್ರೂಗ್’. ಅದನ್ನು ಬೆನ್ನಟ್ಟಿದ ನಾನು ಹೋಗಿ ಮುಟ್ಟಿದ್ದು ಲಂಡನ್ನಿನ ಶೂಟರ್ಸ್ ಹಿಲ್‌ನ ‘ಸೆವೆರ್ನ್‌ಡ್ರೂಗ್’ ಗೋಪುರಕ್ಕೆ! ಅದಕ್ಕೂ ಸಾವನದುರ್ಗಕ್ಕೂ ಸಂಬಂಧವಿಲ್ಲ. 1755ರಲ್ಲಿ ಕೊಂಕಣ ಕರಾವಳಿಯ ಸುವರ್ಣದುರ್ಗವನ್ನು ಹಿಡಿದ ವಿಲಿಯಂ ಜೇಮ್ಸ್‌ನ ನೆನಪಿಗೆ ಅವನ ಹೆಂಡತಿ 1784ರಲ್ಲಿ ಕಟ್ಟಿಸಿದ್ದು ಅದು. ನಮ್ಮ ಬೆಟ್ಟದ ಹೆಸರಿನದೂ ಒಂದು ಗೋಜಲೇ. 1340ರ ಮಾಡಬಾಳಿನ ಹೊಯ್ಸಳ ಶಾಸನದಲ್ಲಿ ಅದು ‘ಸಾವಂದಿ’. ಜನರ ಬಾಯಲ್ಲಿ ‘ಸಾವಿನ ದುರ್ಗ’ವೂ ಆಯಿತು. ಇಂಗ್ಲಿಷರಿಗೆ ಈ ಎರಡನೆಯ ಅರ್ಥವೇ ರುಚಿಸಿತು.

ಕೊನೆಗೆ ಕೈಗೆ ಸಿಕ್ಕಿದ್ದು ಮೇಜರ್ ಡೈರಮ್‌ನ ಪುಸ್ತಕ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗಿದ್ದ ಅಧಿಕಾರಿ ಬರೆದದ್ದು, 1793ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನಿಂದ ಬರಿಗೈಲಿ ಮರಳಿದ್ದ ಕಾರ್ನ್‌ವಾಲಿಸ್‌ಗೆ, ಬೆಂಗಳೂರಿನಿಂದ ದವಸ ಸಾಗಿಸುವ ಹಾದಿಯ ಪಕ್ಕದಲ್ಲಿ ಈ ಕೋಟೆ ಟಿಪ್ಪುವಿನ ಕೈಯಲ್ಲಿ ಉಳಿಯುವುದು ಬೇಡವಾಗಿತ್ತು. ಇಂಗ್ಲಿಷರಲ್ಲಿ ಅರ್ಧ ಜನ ಕಾಡಿನ ಕಾಯಿಲೆಗೆ, ಉಳಿದರ್ಧ ಕೋಟೆಯ ಕಾದಾಟಕ್ಕೆ ಬಲಿ ಎಂದು ಸುಲ್ತಾನ ಲೆಕ್ಕ ಹಾಕಿದ್ದನಂತೆ. ಇದು ಎದುರಾಳಿ ಬರೆದ ‘ಅಂತೆ’. ಅಷ್ಟೇ ಬೆಲೆ ಕೊಟ್ಟರೆ ಸಾಕು.

ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ನನಗೆ ಕತೆಯೇ ತಿರುವುಮುರುವಾಗಿ ಕಂಡಿತು. ಅದೇ ವರ್ಷ ಡಿಸೆಂಬರ್ 10ರಂದು ಇಂಗ್ಲಿಷರ ಕರ್ನಲ್ ಸ್ಟುವರ್ಟ್ ಬೆಟ್ಟದಿಂದ ಸುಮಾರು ಮೂರು ಮೈಲಿ ದೂರದಲ್ಲಿ ಬೀಡುಬಿಟ್ಟ. ತೋಪುಗಳು ಬಾಯಿಬಿಟ್ಟಿದ್ದು 17ಕ್ಕೆ. ನಡುವಿನ ವಾರವೆಲ್ಲ ಬಿದಿರು ಕಡಿದು ದಾರಿ ಮಾಡುವುದರಲ್ಲೇ ಕಳೆಯಿತು. 24 ಪೌಂಡಿನ ಗುಂಡು ಹಾರಿಸುವ ಎರಕದ ಕಬ್ಬಿಣದ ತೋಪು ಒಂದೊಂದೂ ಹೆಚ್ಚುಕಡಿಮೆ ಎರಡೂವರೆ ಟನ್. ಅವನ್ನು ಗೋಡೆಯಂತೆ ನಿಂತ ದಿಣ್ಣೆಗಳ ಮೇಲೆ ಹತ್ತಿಸಿ ಇಳಿಸಬೇಕಿತ್ತು. ಹದಿನಾಲ್ಕು ಕಿಲೋ ಸೈಕಲನ್ನು ಅದೇ ಬೆಟ್ಟದ ಬಂಡೆಗಳ ಮೇಲೆ ಹೊತ್ತು ಏದುಸಿರು ಬಿಟ್ಟ ನನಗೆ ಆ ಸಾಲುಗಳು ಓದುವಾಗಲೇ ಬೆನ್ನು ನೋಯಿಸಿದವು. 21ರಂದು ಬಿರುಕಿನೊಳಗೆ ನುಗ್ಗಿದಾಗ 52ನೇ ರೆಜಿಮೆಂಟಿನ ವಾದ್ಯದವರು ಬಾರಿಸುತ್ತಿದ್ದರು. ಗಂಟೆಯೊಳಗೆ ಕೋಟೆ ಬಿತ್ತು, ಕಿಲ್ಲೇದಾರ ಸತ್ತ, ಒಳಗಿನವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನುಗ್ಗಿದವರ ಕಡೆ ಗಾಯಗೊಂಡವನು ಒಬ್ಬನೇ ಸಿಪಾಯಿ. ಕಾದಾಟ ಗಂಟೆಯದು, ದಾರಿ ವಾರದ್ದು. ಕೋಟೆಯನ್ನು ಗೆದ್ದದ್ದು ದಾರಿಯೇ ಎನ್ನುತ್ತೇನೆ ನಾನು.

ಆದರೆ ಯಾವ ದಾರಿ? ಇದಕ್ಕೆ ಉತ್ತರ ಸಿಕ್ಕಿದ್ದು ದಾರಿಯ ವರ್ಣನೆಯಲ್ಲಲ್ಲ, ದಾಳಿಯ ದಿನದ ಅಪ್ಪಣೆಯಲ್ಲಿ. ಸಾವನದುರ್ಗದ ನೆತ್ತಿ ಎರಡು ಹೋಳು. ಊರವರಿಗೆ ಕರಿಗುಡ್ಡ, ಬಿಳಿಗುಡ್ಡ, ನಡುವೆ ಆಳದ ಕಮರಿ. ಅಪ್ಪಣೆ ಹೀಗಿತ್ತು: ಕ್ಯಾಪ್ಟನ್ ಗೇಜ್ ಎಡಕ್ಕಿರುವ ಮೂಡಣ ಗುಡ್ಡಕ್ಕೆ ಹೋಗಬೇಕು, ಕ್ಯಾಪ್ಟನ್ ಮಾನ್ಸನ್ ಬಲಕ್ಕಿರುವ ಪಡುವಣ ಗುಡ್ಡದ ಕಡೆಗೆ. ಎರಡು ಮೂರು ಸಲ ಓದಿ ಮುಂದೆ ಹೋಗಿದ್ದೆ. ನಾಲ್ಕನೇ ಸಲ ಎದ್ದು ನಿಂತು ಕೈ ಚಾಚಿ ನೋಡಿದೆ. ಮೂಡಣ ಎಡಗೈಗೆ, ಪಡುವಣ ಬಲಗೈಗೆ ಬರಬೇಕಾದರೆ ಮುಖ ತೆಂಕಣಕ್ಕೇ ಇರಬೇಕು. ಅಂದರೆ ನುಗ್ಗಿದವರು ಬಡಗಣದಿಂದ ಬಂದವರು.

ಮಂಚನಬೆಲೆ ಇರುವುದು ಬೆಟ್ಟದ ತೆಂಕಣಕ್ಕೆ, ತುಸು ಆಗ್ನೇಯಕ್ಕೆ. ನನ್ನ ಚೈನು ಕಳಚಿದ ಆ ಅಗಲದ ಹಾದಿ ಸೌದೆ ಗಾಡಿಯದೋ, ಇಲಾಖೆಯ ಜೀಪಿನದೋ ಇರಬಹುದು. ಸ್ಟುವರ್ಟ್‌ನ ತೋಪಿನದಂತೂ ಅಲ್ಲ.

ಜೊತೆಗಾರನಿಗೆ ಫೋನ್ ಮಾಡಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, “ಅಷ್ಟು ಚೆನ್ನಾಗಿತ್ತು ಕತೆ, ಕೆಡಿಸಿಬಿಟ್ಟೆ” ಎಂದ. ಕೆಡಿಸಿಲ್ಲ, ಬೆಟ್ಟದ ಆಚೆ ಮಗ್ಗುಲಿಗೆ ಸಾಗಿಸಿದ್ದೇನೆ. ತೋಪಿನ ದಾರಿ ಬೇಕೆನ್ನುವವರು ಇನ್ನು ಬಡಗಣ ಮಗ್ಗುಲಲ್ಲಿ ಹುಡುಕಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮಾತ್ರ ಕಾಡಿಗೆ ಚಕ್ರ ಇಳಿಸಬೇಡಿ.