ಆಣಿ, ಉಪ್ಪು-ಮೆಣಸು ಮತ್ತು ಬೇಕನ್ ಸಾಹೇಬರ ನರಹುಲಿ

ರಸೆಲ್ ಮಾರುಕಟ್ಟೆಗೆ ಮೀನು ತರಲು ಹೋದವರಿಗೆ ಅಲ್ಲಿನ ನೆಲ ಗೊತ್ತಿರುತ್ತೆ. ಐಸು ಕರಗಿದ ನೀರು, ಮೀನು ತೊಳೆದ ನೀರು ಎಲ್ಲ ಸೇರಿ ಒದ್ದೆಯೋ ಒದ್ದೆ. 1927ರಲ್ಲಿ ಕಟ್ಟಿ, 1933ರಲ್ಲಿ ಇಸ್ಮಾಯಿಲ್ ಸೇಟ್ ಉದ್ಘಾಟಿಸಿದ ಕಟ್ಟಡ ಇದು. ಹೆಸರು ದಂಡಿನ ಮುನಿಸಿಪಲ್ ಕಮಿಷನರ್ ಆಗಿದ್ದ ಟಿ.ಬಿ. ರಸೆಲ್‌ರದ್ದು. ಇದರ ಇತಿಹಾಸ ಬರೆಯುವವರೆಲ್ಲ ಕಮಾನು, ಗೋಪುರ ನೋಡ್ತಾರೆ. ನನ್ನ ಕಣ್ಣು ಹೋಗಿದ್ದು ಅಲ್ಲಿ ದಿನವಿಡೀ ನಿಂತೇ ಇರುವವರ ಅಂಗಾಲಿನ ಕಡೆಗೆ. ಹಾಗಾಗಿ ಇವತ್ತು ಆಣಿಯ ಇತಿಹಾಸ!

ನಾವು ಆಣಿ ಅಂತ ಒಂದೇ ಹೆಸರಲ್ಲಿ ಕರೆಯೋದು ಎರಡು ಬೇರೆ ಬೇರೆ ತೊಂದರೆಗಳನ್ನ. ಚಪ್ಪಲಿ ಒತ್ತಿ ಒತ್ತಿ ಚರ್ಮ ದಪ್ಪಗಟ್ಟಿದ್ದು ಒಂದು. ಇನ್ನೊಂದು ಅಂಗಾಲಿನ ನರಹುಲಿ, ಅದು ವೈರಸ್ಸಿನ ಕೆಲಸ. ಒತ್ತಿನ ಆಣಿ ನೇರ ಅದುಮಿದರೆ ನೋಯುತ್ತೆ, ನರಹುಲಿ ಸಾಮಾನ್ಯವಾಗಿ ಪಕ್ಕದಿಂದ ಹಿಂಡಿದರೆ. ಮೇಲ್ಪದರ ತೆಗೆದಾಗ ಕಾಣುವ ಕಪ್ಪು ಚುಕ್ಕಿಗಳನ್ನ 'ಬೇರು' ಅಂದುಕೊಂಡು ಬ್ಲೇಡಿನಲ್ಲಿ ಅಗೆಯುವವರಿದ್ದಾರೆ. ಅದು ಬೇರಲ್ಲ, ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು.

ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಹತ್ತಿರದ್ದು 'ಕದರ'. ಕಲ್ಲು, ಮುಳ್ಳು ಚುಚ್ಚಿ ಬರುವ ಗಂಟು. ಕತ್ತರಿಸಿ ತೆಗೆದು ಬಿಸಿ ಎಣ್ಣೆಯಲ್ಲಿ ಸುಡಬೇಕು. ನಮ್ಮಜ್ಜಿಯ ಮದ್ದೂ ಸುಡುವುದೇ: ಎಕ್ಕದ ಹಾಲು, ಸುಣ್ಣ, ಗೇರುಬೀಜದ ಸಿಪ್ಪೆಯ ಎಣ್ಣೆ.

ಸುಡದ ಮದ್ದುಗಳೂ ಇವೆ, ನನಗೆ ಇಷ್ಟವಾದದ್ದು ಅವೇ. ತಮಿಳುನಾಡಿನ ವೈತೀಶ್ವರನ್ ಕೋಯಿಲಿನಲ್ಲಿ ಉಪ್ಪು-ಮೆಣಸು ಅರ್ಪಿಸುವ ಹರಕೆ ಇದೆ. ಉಪ್ಪು ಕರಗಿದಂತೆ ನರಹುಲಿಯೂ ಕರಗುತ್ತೆ ಅನ್ನೋ ನಂಬಿಕೆ. ಈಗ ಇಂಗ್ಲೆಂಡಿಗೆ ಬನ್ನಿ. ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಹುಡುಗನಾಗಿ ಪ್ಯಾರಿಸ್ಸಿನಲ್ಲಿದ್ದಾಗ ಕೈತುಂಬ ನರಹುಲಿ ಎದ್ದಿದ್ದವಂತೆ. ರಾಯಭಾರಿಯ ಹೆಂಡತಿ ಚರ್ಮ ಸಮೇತದ ಹಂದಿಕೊಬ್ಬಿನಿಂದ ಅವನ್ನ ಉಜ್ಜಿ, ಕೊಬ್ಬನ್ನ ಬಿಸಿಲು ಬೀಳುವ ಕಿಟಕಿಗೆ ಮೊಳೆ ಹೊಡೆದಳು. ಕೊಬ್ಬು ಕರಗಿತು, ಐದು ವಾರದಲ್ಲಿ ನರಹುಲಿಯೂ ಹೋಯಿತು! 1627ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲೇ ಇದೆ. (ಬೇಕನ್‌ಗೆ ಬೇಕನ್ ಮದ್ದು, ನಗಬೇಡಿ.) ಅಲ್ಲಿ ಕೊಬ್ಬು, ಇಲ್ಲಿ ಉಪ್ಪು, ಲೆಕ್ಕ ಒಂದೇ.

1907ರಲ್ಲಿ ಇಟಲಿಯ ಚೂಫೋ ಎಂಬ ವೈದ್ಯ ನರಹುಲಿಯನ್ನ ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದಂತೆ ಸೋಸಿ, ಆ ರಸದಿಂದಲೇ ಹೊಸ ನರಹುಲಿ ಹುಟ್ಟಿಸಿ ತೋರಿಸಿದ. ವೈರಸ್ಸು ಅಂತ ಖಾತ್ರಿಯಾಯ್ತು. ಆದರೆ ಹರಕೆಯ ಗುಟ್ಟು ಬಿಚ್ಚಿದ್ದು 1963ರಲ್ಲಿ. ಮ್ಯಾಸಿಂಗ್ ಮತ್ತು ಎಪ್‌ಸ್ಟೈನ್ ಮಕ್ಕಳ ನರಹುಲಿಗಳಿಗೆ ಏನೂ ಮಾಡದೆ ಎರಡು ವರ್ಷ ಸುಮ್ಮನೆ ನೋಡಿದರು. ಸುಮಾರು ಮೂರರಲ್ಲಿ ಎರಡು ಪಾಲು ತಾವಾಗಿಯೇ ಮಾಯ! ನಮ್ಮ ಆಫೀಸಿನಲ್ಲೂ ಹೀಗೇ: ಸರ್ವರ್ ತಾನಾಗೇ ಸರಿಹೋಗುತ್ತೆ, ಆ ಹೊತ್ತಿಗೆ ರೀಸ್ಟಾರ್ಟ್ ಒತ್ತಿದವನಿಗೆ ಶಹಬ್ಬಾಸ್‌ಗಿರಿ. ಎಕ್ಕ, ಸುಣ್ಣ, ಉಪ್ಪು, ಕೊಬ್ಬು ಎಲ್ಲಕ್ಕೂ ಸಿಕ್ಕಿದ ಹೆಸರಲ್ಲಿ ಬಹುಪಾಲು ಇಂಥದ್ದೇ ಅನ್ನೋದು ನನ್ನ ಗುಮಾನಿ.

ಡಾಕ್ಟರುಗಳೂ ಇದಕ್ಕೆ ಹೊರತಲ್ಲ. ರಸೆಲ್ ಮಾರುಕಟ್ಟೆ ಬಾಗಿಲು ತೆರೆದ ಕಾಲಕ್ಕೆ ಪಶ್ಚಿಮದಲ್ಲಿ ಅಂಗಾಲಿನ ನರಹುಲಿಗೆ ಎಕ್ಸ್-ರೇ ಹಾಯಿಸುತ್ತಿದ್ದರು. ಬಿಟ್ಟಿದ್ದರೆ ಹೋಗಬಹುದಾಗಿದ್ದ ಗಂಟಿಗಾಗಿ ಕೆಲವರ ಪಾದದಲ್ಲಿ ವರ್ಷಗಳ ಮೇಲೆ ಮಾಯದ ಹುಣ್ಣು. 1950ರ ಹೊತ್ತಿಗೆ ದ್ರವ ನೈಟ್ರೋಜನ್ ಬಂತು. ಸುಡುವ ಬದಲು ಹೆಪ್ಪುಗಟ್ಟಿಸುವುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 240 ಜನರಿಗೆ ಒಂದೋ ಅದು, ಇಲ್ಲವೇ ಮನೆಯಲ್ಲೇ ಹಚ್ಚಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲ ಕೊಟ್ಟರು. 12 ವಾರಕ್ಕೆ ಪೂರ್ತಿ ಹೋಗಿದ್ದು ಎರಡರಲ್ಲೂ ಶೇಕಡಾ 14 ಜನರಿಗೆ ಮಾತ್ರ. ದೊಡ್ಡವರಲ್ಲಿ ಅದು ಮಕ್ಕಳಲ್ಲಿ ಹೋದಷ್ಟು ಬೇಗ ಹೋಗೋದೂ ಇಲ್ಲ.

ಮಾಂಸ, ಮೀನು ಮುಟ್ಟುವವರ ಕೈಗೆ ಬೇರೆಯದೇ ಒಂದು ನರಹುಲಿ ಬರುತ್ತೆ, ಎಚ್‌ಪಿವಿ-7 ಅಂತ. ತಮಾಷೆ ಅಂದರೆ ಆ ವೈರಸ್ಸು ಕುರಿಯದ್ದೂ ಅಲ್ಲ, ಮೀನಿನದ್ದೂ ಅಲ್ಲ, ಮನುಷ್ಯನದ್ದೇ.

ನನಗೆ ಭಯ ಇರೋದು ಸಕ್ಕರೆ ಕಾಯಿಲೆಯವರ ಬಗ್ಗೆ. ಪಾದದ ಸ್ಪರ್ಶವೇ ಸತ್ತವರು ಬ್ಲೇಡು ಹಾಕಿದರೂ, ಗೇರೆಣ್ಣೆ ಸುರಿದರೂ, ಮೆಡಿಕಲ್ ಸ್ಟೋರಿನ ಕಾರ್ನ್ ಕ್ಯಾಪ್ ಅಂಟಿಸಿದರೂ ಚರ್ಮ ಎಷ್ಟು ಒಳಕ್ಕೆ ಸುಟ್ಟಿತು ಅಂತ ಗೊತ್ತೇ ಆಗಲ್ಲ. ಆ ಗಾಯ ಕೊಳೆತು ಬೆರಳನ್ನೋ, ಪಾದವನ್ನೋ ತೆಗೆಯುವವರೆಗೂ ಹೋಗಬಹುದು. ಅಂಥವರಿಗೆ ಬೌರಿಂಗ್ ಆಸ್ಪತ್ರೆ ಮಾರುಕಟ್ಟೆಯಿಂದ ನಡೆದು ಹೋಗುವಷ್ಟೇ ದೂರ, ಆಣಿ ಇರುವ ಕಾಲಿನಲ್ಲೂ :)