ಗಾಳಿಗೆ ಕಾಯೋ ಊರು: ಮಲಾಕ್ಕಾದಲ್ಲಿ ಒಂದು ಹಗಲು

1/5

ಫೋಟೋದಲ್ಲಿರೋ ಈ ಒಂಟಿ ಕಲ್ಲಿನ ಬಾಗಿಲು ನೋಡಿ. ಹಿಂದೆ ಗೋಡೆ ಇಲ್ಲ, ಪಕ್ಕದಲ್ಲಿ ಕೋಟೆ ಇಲ್ಲ, ಬರೀ ಬಾಗಿಲು. ಮಲೇಷ್ಯಾದ ಮಲಾಕ್ಕಾಗೆ ಬಂದವರೆಲ್ಲ ಇದರ ಮುಂದೆ ಒಂದು ಫೋಟೋ ತೆಗೆಸ್ಕೊಂಡು ಎಳನೀರು ಕುಡಿಯೋಕೆ ಹೋಗ್ತಾರೆ. ಈ ಬಾಗಿಲ ಕಥೆ ಕೆದಕಿದ್ರೆ ನಮ್ಮ ಹೊನ್ನಾವರದ ಹೆಸರೂ ಬರುತ್ತೆ ಅಂದ್ರೆ ನಂಬ್ತೀರಾ? ತಡೀರಿ, 3ನೇ ಭಾಗದಲ್ಲಿ ಹೇಳ್ತೀನಿ.

ವಿಯೆಟ್ನಾಂನಿಂದ ವಾಪಸ್ ಬರುವಾಗ ಕೌಲಾಲಂಪುರದಲ್ಲಿ 22 ಗಂಟೆ ಗ್ಯಾಪ್ ಇತ್ತು. ಟಿಕೆಟ್ ಕಡಿಮೆ ರೇಟಿಗೆ ಬೇಕು ಅಂದ್ರೆ ಇಂಥ ಗ್ಯಾಪ್ ಸಹಿಸ್ಕೋಬೇಕಲ್ಲ. ಏರ್‌ಪೋರ್ಟ್ ನೆಲದ ಮೇಲೆ ಮಲಗೋ ಬದಲು ಬಸ್ ಹತ್ತಿದೆ, ಎರಡು ಗಂಟೆ ಚಿಲ್ಲರೆ ದಾರಿ. ಇಳಿದ ಮೇಲೆ ಅನ್ನಿಸಿದ್ದು, ಈ ಊರಿಗೆ ನನ್ನಂಥವರು ಹೊಸಬರಲ್ಲ. 600 ವರ್ಷದಿಂದ ಇಲ್ಲಿಗೆ ಬಂದವರು ಹೆಚ್ಚಿನವರು ಬೇರೆಲ್ಲಿಗೋ ಹೊರಟವರೇ.

ಕಾರಣ ಗಾಳಿ. ಸುಮಾತ್ರಾ ದ್ವೀಪಕ್ಕೂ ಮಲಯಾಕ್ಕೂ ನಡುವೆ ಒಂದು ಇಕ್ಕಟ್ಟಾದ ಸಮುದ್ರದ ದಾರಿ ಇದೆ. ಭಾರತದಿಂದ ಚೀನಾ ಕಡೆ ಹೋಗೋ ಹಡಗಿಗೆ ಅದೇ ಹೆದ್ದಾರಿ. ಹಾಯಿ ಹಡಗಿನ ಕಾಲದಲ್ಲಿ ಗುಜರಾತಿನವರನ್ನ ಇಲ್ಲಿಗೆ ತರೋ ಗಾಳಿ ಬೇರೆ, ಚೀನಾದವರನ್ನ ತರೋ ಗಾಳಿ ಬೇರೆ, ವಾಪಸ್ ಕಳಿಸೋ ಗಾಳಿ ಮತ್ತೂ ಬೇರೆ. ಹಾಗಾಗಿ ಬಂದವರು ತಿಂಗಳುಗಟ್ಟಲೆ ಕಾಯ್ಬೇಕು. ನನ್ನದು 22 ಗಂಟೆಯ ಲೇಓವರ್, ಅವರದ್ದು ಒಂದು ಇಡೀ ಮಳೆಗಾಲದ ಲೇಓವರ್.

2/5

ಸುಮಾರು 1400ರಲ್ಲಿ ಪರಮೇಶ್ವರ ಅನ್ನೋ ರಾಜಕುಮಾರ ಸುಮಾತ್ರಾ ಕಡೆಯಿಂದ ಓಡಿ ಬಂದು ಇಲ್ಲಿ ನೆಲೆ ನಿಂತ. ಅವನು ಒರಗಿ ಕೂತಿದ್ದ ಮರದ ಹೆಸರನ್ನೇ ಊರಿಗೆ ಇಟ್ಟ ಅಂತ ಐತಿಹ್ಯ. ಆ ಮರ ಯಾವುದು ಗೊತ್ತಾ? ನಮ್ಮ ಬೆಟ್ಟದ ನೆಲ್ಲಿ! ಸಂಸ್ಕೃತದ ‘ಆಮಲಕ’ದಿಂದಲೇ ಮಲಾಕ್ಕಾ ಬಂತು ಅಂತ ಹೇಳೋರಿದ್ದಾರೆ.

ಬೆಳೆಯೋಕೆ ಇಲ್ಲಿ ಹೇಳಿಕೊಳ್ಳೋ ಅಂಥದ್ದೇನೂ ಇರಲಿಲ್ಲ. ಲವಂಗ ಬರ್ತಿದ್ದಿದ್ದು ಮೊಲುಕ್ಕಾ ದ್ವೀಪಗಳಿಂದ, ಜಾಯಿಕಾಯಿ ಬಾಂಡಾದಿಂದ, ಮೆಣಸು ಸುಮಾತ್ರಾದಿಂದ, ಬಟ್ಟೆ ಗುಜರಾತ್ ಮತ್ತು ಕೋರಮಂಡಲದಿಂದ, ರೇಷ್ಮೆ ಪಿಂಗಾಣಿ ಚೀನಾದಿಂದ. ಎಲ್ಲಾ ಬೇರೆಯವರ ಸರಕು. ಆದ್ರೂ ಊರು ಶ್ರೀಮಂತ ಆಯ್ತು. ಬಿಕಾಂ ಓದೋರಿಗೆ ಕುತೂಹಲ ಹುಟ್ಟಿಸೋ ವಿಷ್ಯ ಇದೇ.

ಅವರು ಮಾರಿದ್ದು ನಂಬಿಕೆಯನ್ನ. ಬಂದರಿಗೆ ಶಾಬಂದರ್ ಅಂತ ನಾಲ್ಕು ಜನ ಅಧಿಕಾರಿಗಳು. ಗುಜರಾತಿಗಳಿಗೆ ಒಬ್ಬ. ಕೋರಮಂಡಲ, ಬಂಗಾಳ, ಪೆಗು ಕಡೆಯವರಿಗೆ ಒಬ್ಬ. ಜಾವಾ ಮತ್ತು ಸುತ್ತಲ ದ್ವೀಪದವರಿಗೆ ಇನ್ನೊಬ್ಬ, ಚೀನಾ ಕಡೆಯವರಿಗೆ ಮತ್ತೊಬ್ಬ. ಭಾಷೆ ಬರದ ಊರಲ್ಲಿ ಇಳಿದ ತಕ್ಷಣ ನಿಮ್ಮ ಕಡೆ ಮಾತಾಡೋ ಒಬ್ಬ ಸಿಗ್ತಾನೆ, ಗೋದಾಮು ಕೊಡಿಸ್ತಾನೆ, ಜಗಳ ಆದ್ರೆ ಬಗೆಹರಿಸ್ತಾನೆ. ಪಶ್ಚಿಮದಿಂದ ಬಂದ ಸರಕಿಗೆ ಸುಂಕ 6%, ಪೂರ್ವದಿಂದ ಬಂದವರು ಸುಂಕದ ಬದಲು ಕಾಣಿಕೆ ಕೊಟ್ರೆ ಸಾಕು. ಸರಕಿಗೆ ಬೆಲೆ ಕಟ್ಟೋಕೆ ಬೇರೆ ಬೇರೆ ನಾಡಿನ ವ್ಯಾಪಾರಿಗಳೇ ಒಟ್ಟಿಗೆ ಕೂರೋರು. ಟೊಮೆ ಪಿರೆಸ್ ಅನ್ನೋ ಪೋರ್ಚುಗೀಸ್ ಔಷಧ ವ್ಯಾಪಾರಿ 1512ರಿಂದ ಕೆಲವು ವರ್ಷ ಇಲ್ಲಿದ್ದು ಇದನ್ನೆಲ್ಲ ಬರೆದಿಟ್ಟಿದ್ದಾನೆ. ಇಲ್ಲಿ 84 ಭಾಷೆ ಕೇಳಿಸ್ತಿತ್ತು ಅಂತ ಅವನ ಲೆಕ್ಕ. ಸ್ವಲ್ಪ ಉಪ್ಪು ಖಾರ ಸೇರಿಸಿರಬಹುದು, ಇರಲಿ.

(ನಾವು ‘ಗೋಡೌನ್’ ಅಂತೀವಲ್ಲ, ಆ ಪದ ಕೂಡ ಮಲಯ್ ಭಾಷೆಯ ‘ಗುಡಾಂಗ್’ ಮೂಲಕ ಬಂದಿದ್ದು. ಅದರ ಬೇರು ತಮಿಳು ತೆಲುಗಿನಲ್ಲೇ ಇದೆ ಅಂತಾರೆ. ಅಂದ್ರೆ ಹೋಗಿ ಬಂದ ಮಾಲು.)

3/5

ಈಗ ಹೊನ್ನಾವರಕ್ಕೆ ಬರೋಣ.

1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಕೆಂಪು ಸಮುದ್ರದ ಕಡೆ ಹೊರಟಿದ್ದ. ದಾರಿಯಲ್ಲಿ ಸಿಕ್ಕಿದ್ದು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರು ಅವನನ್ನ ತಿಮೋಜಾ ಅಂತ ಬರೀತಾರೆ. ಅಲ್ಲೆಲ್ಲೋ ಹೋಗೋ ಬದಲು ಗೋವಾ ಹಿಡಿ, ಆದಿಲ್‌ಶಾಹಿಗಳ ಹಿಡಿತ ಈಗ ಸಡಿಲವಾಗಿದೆ ಅಂತ ದಾರಿ ತೋರಿಸಿದವನು ಇವನೇ. ಒಮ್ಮೆ ಹಿಡಿದು, ಕಳ್ಕೊಂಡು, ನವೆಂಬರ್ 25ಕ್ಕೆ ಗೋವಾ ಮತ್ತೆ ಅಲ್ಬುಕರ್ಕ್ ಕೈಗೆ ಬಂತು. ಬೆನ್ನಿಗೆ ಗೋವಾ ಇದೆ ಅಂತಾದ ಮೇಲೆ ಮರುವರ್ಷವೇ ಅವನು ಮಲಾಕ್ಕಾಗೆ ಹಡಗು ಬಿಟ್ಟ. 1511ರ ಆಗಸ್ಟಲ್ಲಿ ಊರು ಬಿತ್ತು. ಸುಲ್ತಾನ್ ಮಹಮೂದ್ ಶಾ ಓಡಿಹೋದ.

ಮಲಾಕ್ಕಾದಲ್ಲೂ ಒಬ್ಬ ತಿಮ್ಮಯ್ಯ ಇದ್ದ ಅನ್ನಬಹುದು. ನೀನಾ ಚಾಟು, ಕೋರಮಂಡಲ ಮೂಲದ ಹಿಂದೂ ವ್ಯಾಪಾರಿ. 1509ರಲ್ಲಿ ಬಂದ ಮೊದಲ ಪೋರ್ಚುಗೀಸ್ ತಂಡದ ಕೆಲವರು ಇಲ್ಲಿ ಸೆರೆ ಸಿಕ್ಕಿದ್ರು, ಅವರಿಗೆ ಗುಟ್ಟಾಗಿ ನೆರವಾದವನು ಅವನು. ಊರು ಗೆದ್ದ ಮೇಲೆ ಅಲ್ಬುಕರ್ಕ್ ಅವನಿಗೆ ‘ಬೆಂದಹಾರ’ ಅನ್ನೋ ದೊಡ್ಡ ಪದವಿ ಕೊಟ್ಟ. 1514ರಲ್ಲಿ ಅದೇ ಪೋರ್ಚುಗೀಸರು ಪದವಿ ಕಿತ್ತು ಬೇರೆ ರಾಜನೊಬ್ಬನಿಗೆ ಕೊಟ್ಟರು. ಆ ಅವಮಾನ ತಾಳದೆ ನೀನಾ ಚಾಟು ಬೆಂಕಿಗೆ ಬಿದ್ದು ಸತ್ತ ಅಂತ ಪೋರ್ಚುಗೀಸ್ ಬರಹಗಳೇ ಹೇಳ್ತವೆ. ಇವನು ದ್ರೋಹಿ ಅಂತ ಒಂದೇ ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸಾಗಲ್ಲ. ವ್ಯಾಪಾರಿಗೆ ಯಾವ ಧಣಿ ಬಂದ್ರೂ ಅಂಗಡಿ ನಡೀಬೇಕು ಅನ್ನೋ ಲೆಕ್ಕ ಇರುತ್ತೆ. ಆ ಲೆಕ್ಕ ಅವನಿಗೆ ತುಂಬಾ ದುಬಾರಿಯಾಯ್ತು, ಅಷ್ಟೇ.

4/5

ಅಲ್ಬುಕರ್ಕ್ ಮಸೀದಿ, ರಾಜರ ಗೋರಿಗಳ ಕಲ್ಲು ತಂದು ಕೋಟೆ ಕಟ್ಟಿಸಿದ. ಹೆಸರು ‘ಆ ಫಮೋಸಾ’. ಸುಲಿದ ಸಂಪತ್ತನ್ನ ‘ಫ್ಲೋರ್ ಡಿ ಲಾ ಮಾರ್’ ಹಡಗಿಗೆ ತುಂಬಿಸಿ ಹೊರಟ. ಆ ವರ್ಷದ ಕೊನೆಗೆ ಸುಮಾತ್ರಾ ಹತ್ತಿರ ಹಡಗು ಮುಳುಗಿತು. ಈಗ ಅದರ ಮಾದರಿಯೊಂದನ್ನ ನದಿ ದಡದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ, ಎರಡನೇ ಫೋಟೋ ಅದೇ.

ಹಡಗಿಗಿಂತ ದೊಡ್ಡ ನಷ್ಟ ಬೇರೆ ಇದೆ. ಪಾರ್ಟ್ನರ್‌ಶಿಪ್ ಲೆಕ್ಕದಲ್ಲಿ ಗುಡ್‌ವಿಲ್ ಅಂತ ಓದಿದ್ವಲ್ಲ, ಕೈಗೆ ಸಿಗದ ಆದ್ರೆ ಬೆಲೆ ಇರೋ ಆಸ್ತಿ? ಪೋರ್ಚುಗೀಸರು ಬಂದರು ಹಿಡಿದ್ರು, ಗುಡ್‌ವಿಲ್ ಕೈಗೆ ಬರಲಿಲ್ಲ. ಜಲಸಂಧಿಯಲ್ಲಿ ಹೋಗೋ ಹಡಗುಗಳನ್ನ ಬಲವಂತವಾಗಿ ಇಲ್ಲಿಗೆ ಎಳೆದು ಸುಂಕ ವಸೂಲಿ ಮಾಡಿದ್ರು. ಕೋಟೆಯ ಕ್ಯಾಪ್ಟನ್‌ಗಳು ತಮ್ಮ ಸ್ವಂತ ವ್ಯಾಪಾರಕ್ಕೆ ಕಡಿಮೆ ಬೆಲೆಗೆ ಸರಕು ಕಿತ್ಕೊಂಡ್ರು. ವ್ಯಾಪಾರಿಗಳೇನು ಕಡಿಮೆಯೇ, ಮುಸ್ಲಿಂ ವ್ಯಾಪಾರಿಗಳು ಸುಮಾತ್ರಾದ ಆಚೆಹ್‌ಗೆ ನಡೆದ್ರು. ಓಡಿಹೋದ ಸುಲ್ತಾನನ ಮಗ ಜೋಹೋರ್‌ನಲ್ಲಿ ಹೊಸ ರಾಜ್ಯ ಕಟ್ಟಿದ. ಮಲಾಕ್ಕಾ ಒಂದೇ ದಿನಕ್ಕೆ ಹಾಳಾಗಲಿಲ್ಲ, ಆದ್ರೆ ಎಲ್ಲರೂ ಬಂದು ಕೂರೋ ಕಟ್ಟೆಯಾಗಿ ಉಳೀಲಿಲ್ಲ.

1641ರಲ್ಲಿ ಡಚ್ಚರು ಜೋಹೋರ್ ಸಹಾಯದಿಂದ ಊರು ಕಸಿದುಕೊಂಡ್ರು, ಆದ್ರೆ ಅವರ ಮುದ್ದಿನ ಬಂದರು ಬಟಾವಿಯಾ, ಅಂದ್ರೆ ಇವತ್ತಿನ ಜಕಾರ್ತಾ. ಆಮೇಲೆ ಬ್ರಿಟಿಷರು. 1807ರಲ್ಲಿ ಕೋಟೆಯನ್ನ ಮದ್ದು ಇಟ್ಟು ಒಡೆದ್ರು. ಉಳಿದಿದ್ದು ಮೊದಲ ಫೋಟೋದ ಆ ಬಾಗಿಲು. ಝೂಮ್ ಮಾಡಿ, ನೆತ್ತಿಯ ಮೇಲೆ 1670 ಅಂತ ಕಾಣುತ್ತೆ. ಪೋರ್ಚುಗೀಸರ ಬಾಗಿಲ ಮೇಲೆ ಡಚ್ಚರು ಹಾಕಿದ ಮುದ್ರೆ. ಪಕ್ಕದ ಗುಡ್ಡ ಹತ್ತಿದ್ರೆ ಸೂರಿಲ್ಲದ ಸೇಂಟ್ ಪಾಲ್ ಚರ್ಚ್. ಗೋವಾದಲ್ಲಿ ನೋಡಿದ್ದೀವಲ್ಲ ಸಂತ ಫ್ರಾನ್ಸಿಸ್ ಝೇವಿಯರ್ ದೇಹ, ಅದನ್ನ 1553ರಲ್ಲಿ ಕೆಲವು ತಿಂಗಳು ಇಲ್ಲಿ ಹೂತಿಟ್ಟು ಆಮೇಲೆ ಗೋವಾಕ್ಕೆ ತಂದಿದ್ದು. ಅವರಿಗೂ ಸ್ಟಾಪ್‌ಓವರ್!

5/5

ಕೆಂಪು ಚೌಕದ ಬಗ್ಗೆ ಜಾಸ್ತಿ ಹೇಳಲ್ಲ. ಡಚ್ಚರ ಕಟ್ಟಡ ಚೆನ್ನಾಗಿದೆ, ಮುಂದೆ ಹಲೋ ಕಿಟ್ಟಿ ಗೊಂಬೆ ಸಿಕ್ಕಿಸಿದ ಸೈಕಲ್ ರಿಕ್ಷಾಗಳು ಕಿವಿ ತೂತಾಗೋ ಹಾಗೆ ಹಾಡು ಹಾಕ್ಕೊಂಡು ಸುತ್ತುತ್ವೆ. ಸೇತುವೆ ದಾಟಿ ಆಚೆ ಬನ್ನಿ. ಟೈಮ್ ಕಡಿಮೆ ಇದ್ರೆ ಅಲ್ಲೇ ಕಳೀರಿ.

ಆಚೆ ಅಕ್ಕಸಾಲಿಗರ ಬೀದಿ. 1748ರ ಕಾಂಪುಂಗ್ ಕ್ಲಿಂಗ್ ಮಸೀದಿಯ ಮಿನಾರು ಚೀನೀ ಪಗೋಡಾ ಥರ ಇದೆ. ಅದರ ಹತ್ತಿರದಲ್ಲೇ 1781ರ ವಿನಾಯಕನ ಗುಡಿ, ಆಚೆ ಬದಿಗೆ 17ನೇ ಶತಮಾನದ ಚೀನೀ ದೇವಸ್ಥಾನ ಚೆಂಗ್ ಹೂನ್ ತೆಂಗ್. ಮೂರೂ ನೋಡೋಕೆ ಅರ್ಧ ಗಂಟೆ ಸಾಕು. (ದಕ್ಷಿಣ ಭಾರತದವರನ್ನ ಆಗ ‘ಕ್ಲಿಂಗ್’ ಅಂತಿದ್ರು. ಈಗ ಅದು ಬೈಗುಳ, ಮಸೀದಿ ಹೆಸರು ಬಿಟ್ಟು ಬೇರೆಲ್ಲೂ ಬಳಸಬೇಡಿ.)

ವಿನಾಯಕನ ಗುಡಿ ಚಿಟ್ಟಿ ಸಮುದಾಯದ್ದು. ಗಾಳಿ ತಿರುಗಿದ್ರೂ ವಾಪಸ್ ಹೋಗದ ತಮಿಳು ವ್ಯಾಪಾರಿಗಳು ಇಲ್ಲಿನ ಹೆಣ್ಣುಮಕ್ಕಳನ್ನ ಮದುವೆಯಾಗಿ ಉಳಿದ್ರು, ಅವರ ವಂಶದವರು ಇವರು. ಮನೆಯಲ್ಲಿ ಆಡೋದು ಮಲಯ್, ಹೆಂಗಸರು ಉಡೋದು ಮಲಯ್ ಉಡುಪು, ಪೂಜೆ ಮಾತ್ರ ಗಣಪತಿಗೆ, ಮಾರಿಯಮ್ಮನಿಗೆ. ಸಂಕ್ರಾಂತಿಗೆ ಪೊಂಗಲ್ ಇಡ್ತಾರೆ. ಸುಲ್ತಾನ್ ಹೋದ, ಪೋರ್ಚುಗೀಸ್ ಹೋದ್ರು, ಡಚ್ಚರು, ಬ್ರಿಟಿಷರು ಹೋದ್ರು. ಸಮುದ್ರ ಕೂಡ ದೂರ ಹೋಯ್ತು, ಹಳೇ ದಡದ ಮುಂದೆ ಮಣ್ಣು ತುಂಬಿ ಮಾಲ್ ಕಟ್ಟಿದ್ದಾರೆ. ಇವರ ಕಾಂಪುಂಗ್ ಚಿಟ್ಟಿ ಅನ್ನೋ ಕೇರಿ ಈಗಲೂ ಇದೆ, ಗಾಜಾ ಬೆರಾಂಗ್ ರಸ್ತೆಯಲ್ಲಿ. ಬಸ್‌ಗೆ ಟೈಮ್ ಇದ್ರೆ ಅಲ್ಲಿಗೂ ಹೋಗಿ ಬನ್ನಿ.