ಕಿರುತೆರೆ ಕಂಡ ರೋಮ್, ಕಾಣದ ಕರಾವಳಿ

ಪೋಪರ ಚರಿತ್ರೆಯ ಬಗೆಗಿನ ಸಾಕ್ಷ್ಯಚಿತ್ರವೊಂದು ಟಿ.ವಿ.ಯಲ್ಲಿ ಆರಂಭವಾಯಿತೆಂದರೆ ಮೊದಲ ಎರಡು ನಿಮಿಷ ಹೇಗಿರುತ್ತದೆಂದು ಈಗ ಯಾರು ಬೇಕಾದರೂ ಹೇಳಬಹುದು. ಮೇಣದ ಬತ್ತಿಯ ಮಂಕು ಬೆಳಕು, ಕಲ್ಲು ಹಾಸಿದ ಉದ್ದನೆಯ ಓಣಿ, ದೂರದಿಂದ ಕೇಳುವ ಲ್ಯಾಟಿನ್ ಗಾಯನ, ಮುಖ ಕಾಣದ ಒಬ್ಬ ಕೆಂಪು ನಿಲುವಂಗಿಯವನು. ಆಮೇಲೆ ಗಡಸು ದನಿಯ ನಿರೂಪಕ ಬಂದು, ಇನ್ನು ವ್ಯಾಟಿಕನ್ನಿನ ರಹಸ್ಯ ದಫ್ತರಖಾನೆಯ ಬಾಗಿಲು ತೆರೆಯಲಿದೆ ಎನ್ನುತ್ತಾನೆ. ಬಾಗಿಲು ಕಿರ್‍ರೆನ್ನುತ್ತದೆ. ಕಿರ್‍ರೆನ್ನದ ಬಾಗಿಲನ್ನು ಈ ಚಿತ್ರಗಳಲ್ಲಿ ನಾನು ಕಂಡಿಲ್ಲ.

ನಾನು ಕ್ರೈಸ್ತನಲ್ಲ. ಇತಿಹಾಸವನ್ನು ಓದಿ, ಪಾಠ ಹೇಳಿ ಬದುಕಿದವನು. ರೋಮಿನ ಪರವಾಗಿ ವಕಾಲತ್ತು ವಹಿಸುವ ಹಂಗು ನನಗಿಲ್ಲ. ಆದರೂ ಈ ಚಿತ್ರಗಳನ್ನು ನೋಡುತ್ತ ಹೋದಂತೆ ಎರಡು ಅಸಮಾಧಾನಗಳು ಮನಸ್ಸಿನಲ್ಲಿ ಉಳಿದುಕೊಂಡಿವೆ. ರೋಮನ್ನು ಬೈಯಬೇಕಾಗಿಲ್ಲದ ಕಡೆ ಅವು ಬೈಯುತ್ತವೆ ಎಂಬುದು ಒಂದು. ಬೈಯಬೇಕಾದ ಕಡೆಗೆ, ಅಂದರೆ ನಮ್ಮ ಈ ಪಡುವಣ ಕರಾವಳಿಯ ಕಡೆಗೆ, ಅವು ತಿರುಗಿಯೂ ನೋಡುವುದಿಲ್ಲ ಎಂಬುದು ಇನ್ನೊಂದು. ಎರಡನೆಯದೇ ನನಗೆ ಹೆಚ್ಚು ನೋವಿನದು.

ಮೊದಲು ಆ ‘ರಹಸ್ಯ’ದ ಮಾತು. ದಫ್ತರಖಾನೆಯ ಹೆಸರಿನಲ್ಲಿದ್ದ ‘ಸೆಕ್ರೇತುಮ್’ ಎಂಬ ಲ್ಯಾಟಿನ್ ಪದಕ್ಕೆ ಖಾಸಗಿ, ಪೋಪರ ಸ್ವಂತದ್ದು ಎಂದಷ್ಟೇ ಅರ್ಥ. ನಮ್ಮ ಅರಮನೆಗಳ ‘ಖಾಸಾ’ ಎಂಬ ಮಾತಿನ ಹಾಗೆ. ಹದಿಮೂರನೆಯ ಲಿಯೋ ಪೋಪರು 1881ರಲ್ಲಿಯೇ ಅದನ್ನು ವಿದ್ವಾಂಸರಿಗೆ ತೆರೆದರು. ಕೊನೆಗೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಆ ಪದವನ್ನೇ ತೆಗೆದುಹಾಕಿ, ‘ಅಪೊಸ್ತಲಿಕ ದಫ್ತರಖಾನೆ’ ಎಂದು ಹೆಸರಿಟ್ಟರು. ಧರ್ಮವಿಚಾರಣಾ ಪೀಠದ, ಅಂದರೆ ಇನ್‌ಕ್ವಿಸಿಷನ್ನಿನ, ಕಾಗದಪತ್ರಗಳು ಬೇರೆಯೇ ಕಟ್ಟಡದಲ್ಲಿದ್ದವು. ಅವು ವಿದ್ವಾಂಸರಿಗೆ ಸಿಕ್ಕಿದ್ದು 1998ರಲ್ಲಿ. ಇಷ್ಟು ತಡವಾಯಿತೇಕೆ ಎಂದು ಕೇಳುವ ಹಕ್ಕು ಯಾರಿಗೂ ಇದೆ. ಆದರೆ ಟಿ.ವಿ.ಯವರು ಆ ಪ್ರಶ್ನೆಯನ್ನು ಕೇಳುವ ಬದಲು ಬಾಗಿಲನ್ನು ಕಿರುಗುಟ್ಟಿಸುತ್ತಾರೆ.

ಈ ಚಿತ್ರಗಳ ಕಥಾಹಂದರ ಟಿ.ವಿ.ಯವರು ಕಟ್ಟಿದ್ದಲ್ಲ. ಅದು ಹತ್ತೊಂಬತ್ತನೆಯ ಶತಮಾನದ್ದು. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆಯು ಪೋಪರ ಅಪ್ರಮಾದವನ್ನು ಸಾರಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ರೋಮ್ ನಗರವನ್ನು ಹಿಡಿಯಿತು. ನಾಲ್ಕು ವರ್ಷದ ಬಳಿಕ ಡ್ರೇಪರ್ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ, ಧರ್ಮಕ್ಕೂ ವಿಜ್ಞಾನಕ್ಕೂ ಎಂದೆಂದಿಗೂ ಕಾಳಗವೇ ಎಂದು ವಾದಿಸುವ ಪುಸ್ತಕ ಬರೆದ. ರೋಮಿನ ಕಾಂಪೊ ದೆ ಫಿಯೋರಿ ಚೌಕದಲ್ಲಿ ಜೋರ್ದಾನೊ ಬ್ರೂನೋನ ಕಂಚಿನ ಪ್ರತಿಮೆ ನಿಂತದ್ದು 1889ರಲ್ಲಿ. ಹೊಸ ಇಟಲಿಯ ಪುರೋಹಿತಶಾಹಿ ವಿರೋಧಿಗಳು ವ್ಯಾಟಿಕನ್ನಿನ ಮೂಗಿನ ಕೆಳಗೇ ಅದನ್ನು ನಿಲ್ಲಿಸಿದರು. ಇಂದು ಕ್ಯಾಮರಾ ಬ್ರೂನೋನನ್ನು ತೋರಿಸುವಾಗ ನಾವು ಕಾಣುವುದು ಆ ಪ್ರತಿಮೆಯನ್ನೇ. ಹದಿನಾರನೆಯ ಶತಮಾನದ ಮನುಷ್ಯನಿಗೆ ಹತ್ತೊಂಬತ್ತನೆಯ ಶತಮಾನದ ಮುಖ.

2014ರಲ್ಲಿ ಅಮೆರಿಕದಲ್ಲಿ ಹೊಸದಾಗಿ ತಯಾರಾದ ‘ಕಾಸ್ಮಾಸ್’ ಮಾಲಿಕೆಯ ಮೊದಲ ಕಂತು ಈ ಬ್ರೂನೋನಿಗೆ ಸಾಕಷ್ಟು ಹೊತ್ತು ಕೊಟ್ಟಿತು. ಕಾರ್ಟೂನಿನಲ್ಲಿ ಬರೆದ ನ್ಯಾಯಾಧೀಶರ ಮುಖಗಳಂತೂ ನಮ್ಮ ಯಕ್ಷಗಾನದ ಬಣ್ಣದ ವೇಷದವರನ್ನೂ ನಾಚಿಸುವಂತಿದ್ದವು. ಬ್ರೂನೋ ವಿಜ್ಞಾನಿಯಾಗಿರಲಿಲ್ಲ ಎಂದು ನಿರೂಪಕರು ಒಪ್ಪಿಕೊಳ್ಳುತ್ತಾರೆ, ಅದು ಅವರ ಪ್ರಾಮಾಣಿಕತೆ. ಆದರೆ ಮಾತು ಒಂದು ಹೇಳಿದರೆ ಚಿತ್ರ ಇನ್ನೊಂದು ಹೇಳುತ್ತದೆ, ನೋಡುಗನ ನೆನಪಿನಲ್ಲಿ ಉಳಿಯುವುದು ಚಿತ್ರ. 1592ರಲ್ಲಿ ವೆನಿಸ್ಸಿನಲ್ಲಿ ಸೆರೆಸಿಕ್ಕಿದ ಬ್ರೂನೋನನ್ನು 1600ರ ಫೆಬ್ರವರಿ 17ರಂದು ಜೀವಂತವಾಗಿ ಸುಟ್ಟರು. ಇದಕ್ಕೆ ಕ್ಷಮೆಯಿಲ್ಲ. ಆದರೆ ಅವನ ಮೇಲಿನ ಆರೋಪಗಳಲ್ಲಿ ಯೇಸುವಿನ ದೈವತ್ವ, ತ್ರಿತ್ವ ಮುಂತಾದವು ಇದ್ದುವು. ಅನೇಕ ಲೋಕಗಳಿವೆ ಎಂಬ ಅವನ ಮಾತು ಅವುಗಳ ಜೊತೆಗೆ ಸೇರಿದ್ದು. ಮನುಷ್ಯನೊಬ್ಬನನ್ನು ನಂಬಿಕೆಗಾಗಿ ಸುಟ್ಟರು ಎಂಬುದೇ ಸಾಕಷ್ಟು ಘೋರವಲ್ಲವೇ? ಅದನ್ನು ಖಗೋಳಕ್ಕಾಗಿ ಎಂದು ತಿದ್ದುವ ಅಗತ್ಯವೇನು?

ಬ್ರೂನೋನ ವಿಚಾರಣೆಯ ಮೂಲ ಕಡತ ಇಂದು ಇಲ್ಲ. ನೆಪೋಲಿಯನ್ 1810ರಲ್ಲಿ ವ್ಯಾಟಿಕನ್ನಿನ ದಫ್ತರವನ್ನೆಲ್ಲ ಮೂರು ಸಾವಿರಕ್ಕೂ ಮಿಕ್ಕ ಪೆಟ್ಟಿಗೆಗಳಲ್ಲಿ ತುಂಬಿಸಿ ಪ್ಯಾರಿಸಿಗೆ ಸಾಗಿಸಿದ. ಅವನು ಬಿದ್ದ ಮೇಲೆ ಹಿಂದಕ್ಕೆ ತರಬೇಕಲ್ಲ, ಸಾಗಾಟದ ಖರ್ಚು ಯಾರು ಕೊಡುವುದು? ಪೋಪರ ಪ್ರತಿನಿಧಿಗಳೇ ವಿಚಾರಣಾ ಪೀಠದ ರಾಶಿಗಟ್ಟಲೆ ಸಂಪುಟಗಳನ್ನು ಪ್ಯಾರಿಸಿನಲ್ಲಿ ರದ್ದಿ ಕಾಗದವಾಗಿ ಮಾರಿದರು. 1940ರಲ್ಲಿ ದಫ್ತರಖಾನೆಯ ಮುಖ್ಯಸ್ಥರಾಗಿದ್ದ ಆಂಜೆಲೊ ಮೆರ್ಕಾತಿಯವರಿಗೆ ಬ್ರೂನೋನ ಮೊಕದ್ದಮೆಯ ಸಾರಾಂಶವೊಂದು ಸಿಕ್ಕಿತು. ನಮಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಅದರಿಂದ ಬಂದದ್ದು. ಗೆಲಿಲಿಯೋನ ಕಡತವೂ ಪ್ಯಾರಿಸಿಗೆ ಹೋಗಿತ್ತು. ಅದು ರೋಮಿಗೆ ಮರಳಿದ್ದು 1843ರಲ್ಲಿ. ನಾಟಕಕ್ಕೆ ಬೇಕಾದ ಸರಕೆಲ್ಲ ಇದರಲ್ಲಿದೆ. ಆದರೆ ಇಲ್ಲಿ ಖಳನಾಯಕನಿಲ್ಲ, ಬಂಡಿಯ ಬಾಡಿಗೆಯ ಲೆಕ್ಕವಷ್ಟೇ ಇದೆ. ಅದಕ್ಕೇ ಇರಬೇಕು, ಟಿ.ವಿ.ಗೆ ಇದು ರುಚಿಸುವುದಿಲ್ಲ.

ಗೆಲಿಲಿಯೋನ ವಿಷಯದಲ್ಲಿ ಬಿ.ಬಿ.ಸಿ.ಯ 1973ರ ‘ದಿ ಅಸೆಂಟ್ ಆಫ್ ಮ್ಯಾನ್’ ಮಾಲಿಕೆಯನ್ನು ಹೆಸರಿಸಲೇಬೇಕು. ಬ್ರೊನೊವ್‌ಸ್ಕಿಯವರ ಆವೇಶಕ್ಕೆ ಒಂದು ನೈತಿಕ ತೂಕವಿತ್ತು, ನಾಜಿಗಳ ಕಾಲವನ್ನು ಕಂಡ ಯಹೂದಿ ವಿದ್ವಾಂಸ ಅವರು. ಆಮೇಲೆ ಬಂದವರು ಆವೇಶವನ್ನು ತೆಗೆದುಕೊಂಡು ತೂಕವನ್ನು ಬಿಟ್ಟರು. ಹಾಗಾಗಿ ನೋಡುಗರಲ್ಲಿ ಎಷ್ಟೋ ಮಂದಿ ಗೆಲಿಲಿಯೋನನ್ನು ಹಿಂಸಿಸಿದರು, ಕತ್ತಲ ಕೋಣೆಗೆ ತಳ್ಳಿದರು ಎಂದೇ ತಿಳಿದಿದ್ದಾರೆ. ಚಿತ್ರಹಿಂಸೆಯ ಬೆದರಿಕೆ ಇತ್ತು, ನಿಜ. ವಾಸ ಮಾತ್ರ ಹೆಚ್ಚಿನಂಶ ತಸ್ಕನಿಯ ರಾಯಭಾರಿಯ ಬಂಗಲೆಯಲ್ಲಿ. ಎದ್ದು ನಿಂತು ‘ಆದರೂ ಅದು ಚಲಿಸುತ್ತದೆ’ ಎಂದು ಗೊಣಗಿದ ಕತೆ ಅಚ್ಚಾದದ್ದು 1757ರಲ್ಲಿ, ಲಂಡನ್ನಿನಲ್ಲಿ, ಅವನು ಸತ್ತು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ಕೋಪರ್ನಿಕಸ್ ತನ್ನ ಪುಸ್ತಕವನ್ನು 1543ರಲ್ಲಿ ಅರ್ಪಿಸಿದ್ದು ಪೋಪ್ ಮೂರನೆಯ ಪಾಲರಿಗೇ. ದೂರದರ್ಶಕದಲ್ಲಿ ಗೆಲಿಲಿಯೋ ಕಂಡದ್ದನ್ನು 1611ರಲ್ಲಿ ರೋಮಿನ ಜೆಸ್ವಿತ್ ಪಂಡಿತರು ತಾವೂ ನೋಡಿ ಒಪ್ಪಿದ್ದರು. ಎಂಟನೆಯ ಅರ್ಬನ್ ಪೋಪರಾಗುವ ಮೊದಲು ಗೆಲಿಲಿಯೋನನ್ನು ಹೊಗಳಿ ಪದ್ಯ ಬರೆದವರು. ಭೂಮಿ ಸುತ್ತುತ್ತದೆ ಎನ್ನುವುದಕ್ಕೆ ಗೆಲಿಲಿಯೋ ಕೊಟ್ಟ ಮುಖ್ಯ ಪುರಾವೆ, ಸಮುದ್ರದ ಭರತ ಇಳಿತ, ತಪ್ಪಾಗಿತ್ತು. ನಕ್ಷತ್ರಗಳ ಸ್ಥಾನಪಲ್ಲಟವನ್ನು ಬೆಸ್ಸೆಲ್ ಅಳೆದು ತೋರಿಸಿದ್ದು 1838ರಲ್ಲಿ. ಇಷ್ಟೆಲ್ಲ ಹೇಳಿದ ಮೇಲೂ, 1633ರ ಜೂನ್ 22ರಂದು 69 ವರ್ಷದ ಮುದುಕನೊಬ್ಬನನ್ನು ಮೊಣಕಾಲೂರಿಸಿ, ತಾನು ನಿಜವೆಂದು ನಂಬಿದ್ದನ್ನು ಸುಳ್ಳೆಂದು ಹೇಳಿಸಿದ ತಪ್ಪು ತಪ್ಪೇ. ಹತ್ತು ಕಾರ್ಡಿನಲ್ಲರಲ್ಲಿ ತೀರ್ಪಿಗೆ ಸಹಿ ಹಾಕಿದವರು ಏಳು ಮಂದಿ. ಆ ಮೂವರ ಮೌನ ನನಗೆ ಉಳಿದೆಲ್ಲಕ್ಕಿಂತ ಕುತೂಹಲದ್ದು. ಆದರೆ ಕೆಂಪು ನಿಲುವಂಗಿಗಳನ್ನೆಲ್ಲ ಒಂದೇ ಮುಖವಾಗಿ ತೋರಿಸುವ ಕ್ಯಾಮರಾಕ್ಕೆ ಮೂವರನ್ನು ಬೇರ್ಪಡಿಸಿ ನೋಡುವ ತಾಳ್ಮೆಯಿಲ್ಲ. ರೋಮ್ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದು 1992ರ ಅಕ್ಟೋಬರ್ 31ರಂದು, ಎರಡನೆಯ ಜಾನ್ ಪಾಲರ ಭಾಷಣದಲ್ಲಿ.

ಒಳ್ಳೆಯ ಚಿತ್ರಗಳೂ ಬಂದಿವೆ. ಬಿ.ಬಿ.ಸಿ. 1994ರಲ್ಲಿ ಸ್ಪೇನಿನ ವಿಚಾರಣಾ ಪೀಠದ ಕುರಿತ ದಂತಕತೆಗಳನ್ನು ಕಡತಗಳ ಎದುರಿಟ್ಟು ನೋಡಿತು. 1540ರಿಂದ 1700ರ ವರೆಗಿನ ಸುಮಾರು 44 ಸಾವಿರ ಮೊಕದ್ದಮೆಗಳಲ್ಲಿ ಮರಣದಂಡನೆ ಕಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ ಎಂದು ಸಂಶೋಧಕರು ಎಣಿಸಿದ್ದಾರೆ. ಅದಕ್ಕೂ ಮುಂಚಿನ ದಶಕಗಳು ತೀರ ಕ್ರೂರವಾಗಿದ್ದವು ಎಂಬುದನ್ನೂ ಮರೆಯಬಾರದು. 2009ರಲ್ಲಿ ಮೆಕ್ಕಲಕ್ ಅವರ ಮಾಲಿಕೆ ಕ್ರೈಸ್ತರ ಕತೆಯನ್ನು ರೋಮಿನಿಂದಲ್ಲ, ಸುರಿಯಾನಿ ಪೂರ್ವದಿಂದ ಆರಂಭಿಸಿತು. ನಮ್ಮ ಮಲಯಾಳ ಓದುಗರಿಗೆ ಅದರ ಬೆಲೆ ಗೊತ್ತು. ಹನ್ನೆರಡನೆಯ ಪಯಸ್ ಮತ್ತು ಯಹೂದಿಗಳ ವಿಚಾರದಲ್ಲಿ ಮಾತ್ರ ಎರಡೂ ಪಕ್ಷದವರು ಮೊದಲೇ ತೀರ್ಪು ಬರೆದಿಟ್ಟು ಚಿತ್ರ ತೆಗೆದರು. ಕಾಗದಪತ್ರ ತೆರೆದದ್ದು 2020ರ ಮಾರ್ಚಿನಲ್ಲಿ.

ಇನ್ನು ನಮ್ಮ ಕರಾವಳಿ. ಐದನೆಯ ನಿಕೋಲಾಸ್ ಪೋಪರು 1455ರಲ್ಲಿ ಪೋರ್ಚುಗಲ್ಲಿನ ಅರಸನಿಗೆ ಒಂದು ಶಾಸನಪತ್ರ ಕೊಟ್ಟರು. ಕ್ರೈಸ್ತರಲ್ಲದವರ ನೆಲವನ್ನು ಗೆಲ್ಲಲು, ಅವರನ್ನು ದಾಸರನ್ನಾಗಿ ಮಾಡಿಕೊಳ್ಳಲು ಅದರಲ್ಲಿ ಅನುಮತಿಯಿತ್ತು. ವಾಸ್ಕೋ ಡ ಗಾಮ ಕೋಝಿಕ್ಕೋಡಿನ ಬಳಿ ಇಳಿದದ್ದು ಅದಾಗಿ 43 ವರ್ಷಕ್ಕೆ. ‘ಅನ್ವೇಷಣೆಯ ಸಿದ್ಧಾಂತ’ ತನ್ನ ಬೋಧನೆಯಲ್ಲವೆಂದು ವ್ಯಾಟಿಕನ್ ಹೇಳಿದ್ದು 2023ರ ಮಾರ್ಚ್ 30ರಂದು. ಗೋವೆಯಲ್ಲಿ ವಿಚಾರಣಾ ಪೀಠ 1560ರಲ್ಲಿ ನೆಲೆಗೊಂಡು, ನಡುವೆ ನಾಲ್ಕು ವರ್ಷ ಬಿಟ್ಟರೆ, 1812ರ ವರೆಗೆ ನಡೆಯಿತು. ಅದರ 1736ರ ಆಜ್ಞೆಯೊಂದು ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ, ಮನೆಯಲ್ಲಿ ತುಳಸಿ ಬೆಳೆಸುವುದನ್ನೂ ನಿಷೇಧಿಸಿತು. ಅಡುಗೆಮನೆಯ ಮಡಕೆಯೊಳಗೆ ಇಣುಕಿ ನೋಡಿದ ಅಧಿಕಾರ ಇದು. ನಾನು ನೋಡಿದ ಚಿತ್ರಗಳಲ್ಲಿ ಗೋವೆಗೆ ಸಿಕ್ಕಿದ್ದು ಒಂದೋ ಎರಡೋ ವಾಕ್ಯ. ಉದಯಂಪೇರೂರಿನ ಸೂನಹದೋಸಿಗೆ ಅದೂ ಇಲ್ಲ. ಗೋವೆಯ ಆರ್ಚ್‌ಬಿಷಪ್ ಮೆನೆಜಿಸ್ 1599ರ ಜೂನಿನಲ್ಲಿ ಅಲ್ಲಿ ಸುರಿಯಾನಿ ಕ್ರೈಸ್ತರ ಗ್ರಂಥಗಳನ್ನು ತಿದ್ದಲು, ಸುಡಲು ಅಪ್ಪಣೆ ಮಾಡಿದರು. ಸಾವಿರ ವರ್ಷದಿಂದ ಕ್ರೈಸ್ತರಾಗಿದ್ದವರ ಪುಸ್ತಕಗಳವು. ಅದರ ನೋವು 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಕೂನನ್ ಕುರಿಶಿನ ಪ್ರತಿಜ್ಞೆಯಾಗಿ ಒಡೆಯಿತು. ಅದು ಜೆಸ್ವಿತರ ವಿರುದ್ಧವೋ ರೋಮಿನ ವಿರುದ್ಧವೋ ಎಂದು ಕೇರಳದ ಸಭೆಗಳು ಇಂದಿಗೂ ಜಗಳಾಡುತ್ತವೆ.

ಇಲ್ಲಿ ರೋಮ್ ಯಾವುದು, ಲಿಸ್ಬನ್ ಯಾವುದು ಎಂದು ಬಿಡಿಸಿ ನೋಡಬೇಕು. ಬಿಷಪರನ್ನು ಸೂಚಿಸುವ ಹಕ್ಕನ್ನು ಪೋಪರು ಪೋರ್ಚುಗಲ್ಲಿನ ಅರಸನಿಗೆ ಕೊಟ್ಟು ಕೈಕಟ್ಟಿಸಿಕೊಂಡಿದ್ದರು. ಆ ಕಟ್ಟು ಸಡಿಲಿಸಲೆಂದು 1622ರಲ್ಲಿ ರೋಮಿನಲ್ಲಿ ಧರ್ಮಪ್ರಸಾರದ ಹೊಸ ಮಂಡಳಿ ಹುಟ್ಟಿತು. ಗೋವೆಯ ಕೊಂಕಣಿ ಬ್ರಾಹ್ಮಣ ಮೂಲದ ಮತೇವುಸ್ ದೆ ಕಾಸ್ತ್ರೊ ಎಂಬವನನ್ನು ಅದು 1637ರಲ್ಲಿ ಬಿಷಪನನ್ನಾಗಿ ಮಾಡಿತು. ಗೋವೆಯ ಬಿಳಿಯರು ಅವನನ್ನು ಒಪ್ಪಲಿಲ್ಲ. ಅವನಿಗೆ ವಹಿಸಿಕೊಟ್ಟ ಪ್ರದೇಶದ ಹೆಸರು ‘ಇದಲ್ಕಾನ್’, ಅಂದರೆ ಆದಿಲ್ ಖಾನನ ರಾಜ್ಯ, ನಮ್ಮ ಬಿಜಾಪುರ. ಪೋರ್ಚುಗೀಸರ ಕಣ್ಣು ತಪ್ಪಿಸಿ ಅವನು ನಿಂತದ್ದು ಸುಲ್ತಾನನ ನೆಲದ ಬಿಚೋಲಿಯಲ್ಲಿ. ಪೋಪರ ಬಿಷಪನಿಗೆ ಕ್ರೈಸ್ತ ವೈಸರಾಯನ ಭಯ, ಮುಸಲ್ಮಾನ ದೊರೆಯ ಆಶ್ರಯ! ಅದೇ ಮಂಡಳಿ 1659ರಲ್ಲಿ ತನ್ನ ಪಾದ್ರಿಗಳಿಗೆ, ಧರ್ಮಕ್ಕೂ ನೀತಿಗೂ ವಿರುದ್ಧವಲ್ಲದ ಜನರ ಆಚಾರಗಳನ್ನು ಬದಲಿಸಲು ಹೋಗಬೇಡಿ, ಯುರೋಪನ್ನು ಹೊತ್ತುಕೊಂಡು ಹೋಗಬೇಡಿ ಎಂಬ ಅರ್ಥದ ಸೂಚನೆ ಕೊಟ್ಟಿತು. ಅದಾಗಿ 77 ವರ್ಷಕ್ಕೆ ಗೋವೆಯಲ್ಲಿ ಅನ್ನದ ಉಪ್ಪಿನ ಆಜ್ಞೆ.

ನಮ್ಮ ಬೇಳದ ಇಗರ್ಜಿಯಲ್ಲಿ ಪೂಜೆಗೆ ಸೇರುವ ಕೊಂಕಣಿ ಮಾತಿನ ಕುಟುಂಬಗಳ ಹಿರಿಯರು ಗೋವೆಯಿಂದ ತೆಂಕಣಕ್ಕೆ ಇಳಿದು ಬಂದವರು. ಬರಗಾಲ, ಮರಾಠರ ದಾಳಿ, ಈ ಪೀಠದ ಭಯ, ಎಲ್ಲವೂ ಆ ವಲಸೆಯ ಹಿಂದಿವೆ. ಅವರು ಕ್ರೈಸ್ತರಾಗಿಯೇ ಉಳಿದರು, ತಮ್ಮ ಹಳೆಯ ಆಚಾರಗಳಲ್ಲಿ ಹಲವನ್ನೂ ಉಳಿಸಿಕೊಂಡರು. ಇಂಥವರನ್ನು ತೋರಿಸಲು ಕೆಂಪು ನಿಲುವಂಗಿಯೂ ಕಿರುಗುಟ್ಟುವ ಬಾಗಿಲೂ ಉಪಯೋಗಕ್ಕೆ ಬಾರವು.

ಗೋವೆಯ ಪೀಠ ಮುಚ್ಚಿದ ಮೇಲೆ ಅದರ ಕಡತಗಳಲ್ಲಿ ಹೆಚ್ಚಿನವನ್ನು ಸುಟ್ಟುಬಿಟ್ಟರು. ಉಳಿದ ಪತ್ರವ್ಯವಹಾರದಲ್ಲಿ ಒಂದು ಪಾಲು ಲಿಸ್ಬನ್ನಿನಲ್ಲಿದೆ, ಇನ್ನೊಂದು ಪಾಲು ಸಮುದ್ರ ದಾಟಿ ಬ್ರೆಜಿಲಿನ ರಿಯೋ ದೆ ಜನೈರೋದಲ್ಲಿ. ಲಿಸ್ಬನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಕೈಬರಹದ ಪಟ್ಟಿಯಿದೆ. ಗೋವೆಯ ಪೀಠದ ಅಧಿಕಾರಿಯೇ ಆಗಿದ್ದ ಫಿಗೇರಾ 1623ರಲ್ಲಿ ಬರೆದಿಟ್ಟದ್ದು, ಅಲ್ಲಿಯ ವರೆಗಿನ 3,800 ಮೊಕದ್ದಮೆಗಳ ಯಾದಿ. ಯಾವ ಸಾಕ್ಷ್ಯಚಿತ್ರದಲ್ಲಿಯೂ ಆ ಪುಟಗಳನ್ನು ನಾನು ಇದುವರೆಗೆ ಕಂಡಿಲ್ಲ.